ಫಲಕ ತೂಗುಹಾಕುವ ಮುನ್ನ ಚೆಂಡನ್ನು ನೋಡಿ

ಮುಂಬಯಿಯ ಯಾವ ಹೌಸಿಂಗ್ ಸೊಸೈಟಿಯ ಗೇಟು ದಾಟಿದರೂ ‘ಇಲ್ಲಿ ಚೆಂಡಾಟ ನಿಷಿದ್ಧ’ ಎಂಬ ಫಲಕ ಸಿಗುವುದು ಅಪರೂಪವೇನಲ್ಲ. ಅದನ್ನು ಬರೆಸಿದ ಕಾರ್ಯದರ್ಶಿ, ಖಜಾಂಚಿಗಳಲ್ಲಿ ನಮ್ಮ ಕನ್ನಡ ಬಂಧುಗಳೂ ಇದ್ದಾರೆ. ಊರಲ್ಲಿ ಅಂಗಳದ ತುಂಬ ಲಗೋರಿ ಆಡಿ ಬೆಳೆದವರೇ ಇಲ್ಲಿಗೆ ಬಂದು, ತಮ್ಮ ಮೊಮ್ಮಕ್ಕಳ ಕೈಯಿಂದ ಚೆಂಡು ಕಸಿದುಕೊಳ್ಳುತ್ತಿದ್ದಾರೆ. ಇದು ನಮಗೆ ಒಪ್ಪಿಗೆಯಿಲ್ಲ.

ಕಮಿಟಿಯವರ ಕಾರಣಗಳು ನಮಗೆ ಗೊತ್ತು: ಕಿಟಕಿಯ ಗಾಜು ಒಡೆಯುತ್ತದೆ, ಕಾರಿಗೆ ಪೆಟ್ಟಾಗುತ್ತದೆ, ಬೆಂಚಿನ ಮೇಲೆ ಕುಳಿತ ಅಜ್ಜನ ಕನ್ನಡಕ ಹಾರಿಹೋಗುತ್ತದೆ. ಇವು ಹುರುಳಿಲ್ಲದ ಮಾತುಗಳೆಂದು ನಾವು ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆ: ಯಾವ ಚೆಂಡು, ಮಹಾಶಯರೇ?

ಗಾಲ್ಫನ್ನೇ ತೆಗೆದುಕೊಳ್ಳೋಣ. ಇಕ್ಕಟ್ಟಿನ ಜಾಗಕ್ಕೆ ಎಲ್ಲಕ್ಕಿಂತ ಒಗ್ಗದ ಆಟವೆಂದು ಹೆಸರಾದದ್ದು ಅದೇ. ನಿಯಮದ ಪ್ರಕಾರ ಅದರ ಚೆಂಡು 42.67 ಮಿಲಿಮೀಟರಿಗಿಂತ ಸಣ್ಣದಿರಬಾರದು, 45.93 ಗ್ರಾಮಿಗಿಂತ ಭಾರವಿರಬಾರದು. ಗಟ್ಟಿಯಾದ ಆ ಉಂಡೆ ನುರಿತವರ ಹೊಡೆತಕ್ಕೆ ಇನ್ನೂರು ಗಜ ದಾಟುತ್ತದೆ. ಅದನ್ನು ಕಂಪೌಂಡಿನೊಳಗೆ ಹೊಡೆಯುವವನನ್ನು ಪೊಲೀಸರಿಗೆ ಒಪ್ಪಿಸಿದರೂ ನಮ್ಮ ತಕರಾರಿಲ್ಲ. ಆದರೆ ಅದೇ ಗಾತ್ರದ ಅಭ್ಯಾಸದ ಚೆಂಡೊಂದಿದೆ. ಟೊಳ್ಳು ಪ್ಲಾಸ್ಟಿಕ್, ಮೈತುಂಬ ತೂತು, ತೂಕ ಕೆಲವೇ ಗ್ರಾಮು. ನಿಜವಾದ ಚೆಂಡಿನ ಮೈಮೇಲಿನ ಕುಳಿಗಳು ಗಾಳಿಯ ತಡೆಯನ್ನು ಕಡಿಮೆ ಮಾಡಿ ಅದನ್ನು ದೂರ ಒಯ್ಯುತ್ತವೆ. ಈ ತೂತಿನ ಚೆಂಡಿನ ಕಥೆ ತಿರುವುಮುರುವು. ಹಗುರವಾದ್ದರಿಂದ ಗಾಳಿಯೇ ಅದನ್ನು ಹಿಡಿದು ನಿಲ್ಲಿಸುತ್ತದೆ. ಮೆಲ್ಲಗೆ ಹೊಡೆದರೆ ನಾಲ್ಕು ಹೆಜ್ಜೆಯಾಚೆ ಬೀಳುತ್ತದೆ. ಟೆರೇಸಿನಲ್ಲಿ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದರೆ ಅಷ್ಟೂ ಇಲ್ಲ. ಮೆತ್ತನೆಯ ಫೋಮಿನ ಚೆಂಡೂ ಸಿಗುತ್ತದೆ. ಇದರಿಂದ ಗಾಜು ಒಡೆಯುವುದಕ್ಕಿಂತ ಮೇಲಿನ ಮಹಡಿಯವರು ಹಪ್ಪಳ ಒಣಗಿಸುವ ತಟ್ಟೆ ಬಿದ್ದು ಒಡೆಯುವ ಸಂಭವ ಹೆಚ್ಚು.

ಇಂಥ ಚೆಂಡಿನಿಂದ ಹೊಸ ಆಟವೇ ಹುಟ್ಟಿದ್ದುಂಟು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1953ರಲ್ಲಿ ಡೇವಿಡ್ ಮುಲಾನಿ ಎಂಬವರ ಮಗ ಮನೆಯ ಹಿತ್ತಿಲಲ್ಲಿ ಪೊರಕೆಯ ಕೋಲು ಹಿಡಿದು, ತೂತಿನ ಪ್ಲಾಸ್ಟಿಕ್ ಗಾಲ್ಫ್ ಚೆಂಡಿನಿಂದ ಬೇಸ್‌ಬಾಲ್ ಆಡುತ್ತಿದ್ದ. ಅದನ್ನು ತಿರುಗಿಸಿ ಎಸೆದೆಸೆದು ಹುಡುಗನ ತೋಳು ನೋಯತೊಡಗಿತು. ತಂದೆ ಗದರಿಸಿ ಫಲಕ ಹಾಕಲಿಲ್ಲ. ಟೊಳ್ಳು ಪ್ಲಾಸ್ಟಿಕ್ ಚೆಂಡುಗಳನ್ನು ತಂದು, ಅವುಗಳಲ್ಲಿ ಬಗೆಬಗೆಯಾಗಿ ಕಿಂಡಿ ಕೊರೆದು, ಎಂಟು ಕಿಂಡಿಗಳ ‘ವಿಫಲ್ ಬಾಲ್’ ಮಾಡಿಕೊಟ್ಟರು.

ದೊಡ್ಡವರೂ ಇದೇ ದಾರಿ ಹಿಡಿದಿದ್ದಾರೆ. ಕೆರಿಬಿಯನ್ನಿನ ಗ್ರ್ಯಾಂಡ್ ಕೇಮನ್ ಚಿಕ್ಕ ದ್ವೀಪ. ಪೂರ್ತಿ ಮೈದಾನಕ್ಕೆ ಅಲ್ಲಿ ಜಾಗ ಸಿಗುವುದು ಸುಲಭವಲ್ಲ. 1980ರ ದಶಕದಲ್ಲಿ ಜ್ಯಾಕ್ ನಿಕ್ಲಸ್ ಅಲ್ಲಿ ಮೈದಾನ ರೂಪಿಸಿದಾಗ, ಅರ್ಧ ದೂರವಷ್ಟೇ ಹಾರುವ ಚೆಂಡನ್ನು ಅದಕ್ಕಾಗಿಯೇ ತಯಾರಿಸಲಾಯಿತು. 2023ರ ಡಿಸೆಂಬರಿನಲ್ಲಿ ಗಾಲ್ಫಿನ ನಿಯಮ ಬರೆಯುವ ಎರಡೂ ಸಂಸ್ಥೆಗಳು ಚೆಂಡಿನ ಹಾರಾಟ ತಗ್ಗಿಸುವ ನಿರ್ಧಾರ ಪ್ರಕಟಿಸಿದವು. ನೂರಾರು ಎಕರೆ ಇದ್ದವರೇ ಜಾಗ ಸಾಲದೆಂದು ಚೆಂಡನ್ನು ತಿದ್ದುತ್ತಾರೆ. ನಾವಾದರೋ ಮಕ್ಕಳನ್ನು ತಿದ್ದಲು ಹೊರಡುತ್ತೇವೆ!

‘ಗಾಲ್ಫ್ ಶ್ರೀಮಂತರ ಆಟ, ನಮಗೇಕೆ?’ ಎನ್ನುವವರು ಚೆಂಬೂರಿನ ಕಡೆ ನೋಡಲಿ. ಅಲ್ಲಿನ ಗಾಲ್ಫ್ ಮೈದಾನದಲ್ಲಿ ಯಜಮಾನರ ಚೀಲ ಹೊರುವ ಕ್ಯಾಡಿಗಳೂ ಅವರ ನೆರೆಹೊರೆಯ ಹುಡುಗರೂ ಕಬ್ಬಿಣದ ಸರಳು ಬಾಗಿಸಿ ಕೋಲು ಮಾಡಿಕೊಂಡು, ತಮ್ಮ ಗಲ್ಲಿಯಲ್ಲೇ ಪ್ಲಾಸ್ಟಿಕ್ ಚೆಂಡಿನಿಂದ ಗಾಲ್ಫ್ ಆಡಿದ್ದು ಛಾಯಾಚಿತ್ರ ಸಹಿತ ಪತ್ರಿಕೆಗಳಲ್ಲಿ ಬಂದಿದೆ. ತಗಡಿನ ಮಾಡು, ಎದುರುಬದುರು ಬಾಗಿಲುಗಳ ನಡುವೆ ಸಾಧ್ಯವಾದದ್ದು ನಮ್ಮ ಏಳು ಮಹಡಿಯ ಕಟ್ಟಡದ ಹಿಂದೆ ಯಾಕೆ ಸಾಧ್ಯವಿಲ್ಲ? 2021ರಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ಬೆಳಗಾಗುವ ಮೊದಲೇ ಎದ್ದು ಟಿ.ವಿ. ಮುಂದೆ ಕುಳಿತವರು ನಾವೇ ಅಲ್ಲವೇ?

ಅಷ್ಟು ದೂರವೂ ಬೇಡ. ಲಗೋರಿಗೆ ನಮ್ಮ ಅಜ್ಜಿಯಂದಿರು ಹಳೆಯ ಬಟ್ಟೆ ಸುತ್ತಿ ಹೊಲಿದುಕೊಡುತ್ತಿದ್ದ ಚೆಂಡು ಏನು? ಬೆನ್ನಿಗೆ ಬಿದ್ದರೆ ನೋಯದಂತೆ, ಪಕ್ಕದ ಮನೆಯ ಹೆಂಚು ಮುಟ್ಟದಂತೆ ಮಾಡಿದ ಚೆಂಡೇ ಅದು. ಯಾವ ಕಮಿಟಿಯೂ ಠರಾವು ಮಾಡಿರಲಿಲ್ಲ.

ಅಪಾಯ ಇಲ್ಲವೇ ಇಲ್ಲ ಎನ್ನುವಷ್ಟು ಮರುಳರು ನಾವಲ್ಲ. ತೂತಿನ ಚೆಂಡು ಸಾಧು, ಕೋಲು ಸಾಧುವಲ್ಲ. ಬೀಸುವ ಕಬ್ಬಿಣದ ಕೋಲು ಪಕ್ಕದಲ್ಲಿ ನಿಂತ ಮಗುವಿನ ಹಣೆ ಸೀಳಬಲ್ಲದು. ಆದ್ದರಿಂದ ಆಡುವವನ ಸುತ್ತ ನಾಲ್ಕು ದೊಡ್ಡ ಹೆಜ್ಜೆಯಷ್ಟು ಜಾಗ ಖಾಲಿ ಇರಬೇಕು, ಒಬ್ಬ ಹೊಡೆಯುವಾಗ ಉಳಿದವರು ಗೆರೆಯ ಹಿಂದೆ ನಿಲ್ಲಬೇಕು, ಚಿಕ್ಕವರಿಗೆ ಪ್ಲಾಸ್ಟಿಕ್ಕಿನ ಕೋಲೇ ಆಗಬೇಕು. ಅಭ್ಯಾಸದ ಚೆಂಡುಗಳ ಚೀಲದೊಳಗೆ ನಿಜವಾದ ಚೆಂಡೊಂದೂ ಬೆರೆತಿರಬಾರದು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹಿರಿಯರ ನಿದ್ದೆಗೆ ಬಿಟ್ಟುಬಿಡಿ, ಅದಕ್ಕೂ ಒಪ್ಪಿದೆವು.

ಮಹಾರಾಷ್ಟ್ರದ ಸಹಕಾರಿ ಕಾಯಿದೆಯಂತೆ ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಕೊಡೆ, ನೀರಿನ ಟ್ಯಾಂಕು, ಪಾರ್ಕಿಂಗಿನ ಜಗಳಗಳ ನಡುವೆ ಈ ವಿಷಯವನ್ನೂ ಲಿಖಿತವಾಗಿ ಕಾರ್ಯಸೂಚಿಗೆ ಸೇರಿಸಿರೆಂದು ಓದುಗ ಬಂಧುಗಳನ್ನು ಕೇಳಿಕೊಳ್ಳುತ್ತೇವೆ. ಸಭೆಗೆ ಹೋಗುವಾಗ ತೂತಿನ ಚೆಂಡೊಂದನ್ನು ಜೇಬಿನಲ್ಲಿ ಒಯ್ಯಿರಿ. ಕಾರ್ಯದರ್ಶಿಗಳು ಆಕ್ಷೇಪವೆತ್ತಿದರೆ ಅದನ್ನು ಅವರ ಕೈಗೇ ಕೊಟ್ಟು, ಸಭಾಗೃಹದ ಕಿಟಕಿಯ ಗಾಜಿಗೆ ಬಲವಾಗಿ ಎಸೆಯಲು ಹೇಳಿ.