ಡಬ್ಬಿ ನೋಡಿ ಪಿಸ್ಟನ್ ತೊಗೋಬ್ಯಾಡ್ರಿ

ಹೋದ ಸಲ ಮಜ್ಜಿಗಿ ಮೆಣಸಿನಕಾಯಿ ಬಗ್ಗೆ ಬರದಿದ್ದೆ. ಈ ಸಲ ಎಂಜಿನ್ ಸಾಮಾನಿನ ಬಗ್ಗೆ ಬರೀಲಿಕ್ಕತ್ತೀನಿ. "ಇಕೀಗೇನಾತು?" ಅಂತ ನಗಬ್ಯಾಡ್ರಿ. ರೊಕ್ಕ ಹೋಗೋದು ನಮ್ಮ ಮನೀದು, ಗಾಡಿ ಮ್ಯಾಲೆ ಕೂಡೋರು ನಮ್ಮ ಮಕ್ಕಳು. ಅಂದಮ್ಯಾಲೆ ನಾವೂ ತಿಳ್ಕೊಂಡಿರಬೇಕು.

ನಮ್ಮ ಮಾವನವ್ರ ಯೆಜ್ಡಿ ರೋಡ್‌ಕಿಂಗ್ ನೀವೆಲ್ಲಾ ನೋಡೀರಿ. ಹತ್ತು ವರ್ಷ ಹಿತ್ತಲದಾಗ ಗೋಣಿಚೀಲ ಹೊತ್ಕೊಂಡು ನಿಂತಿತ್ತು. ಮಾವನವ್ರು ಆಸ್ಪತ್ರಿಯಿಂದ ಮನಿಗೆ ಬಂದ ದಿನ, "ಅದರ ಸಪ್ಪಳ ಇನ್ನೊಮ್ಮೆ ಕೇಳಬೇಕು" ಅಂದ್ರು. ಮಗ ಅವತ್ತೇ ಪಾನಾ ಹಿಡಿದ.

ಈ ಗಾಡಿಗೆ ಸಾಮಾನು ಹುಡುಕೋದು ಯಾಕ ಕಷ್ಟ ಅಂದ್ರ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನಿ 1961ರಾಗ ಜಾವಾ ಗಾಡಿ ಮಾಡ್ಲಿಕ್ಕೆ ಶುರು ಮಾಡಿತು, 1973ರಿಂದ ಯೆಜ್ಡಿ ಅಂತ ಹೆಸರಿಟ್ಟಿತು, 1996ರಾಗ ಬಾಗಿಲಾ ಹಾಕಿತು. ಈಗ "ಕಂಪನಿ ಸಾಮಾನು" ಅಂತ ಯಾರರ ಕೊಟ್ರ ಅದು ಹಳೇ ದಾಸ್ತಾನಿಂದು, ಇಲ್ಲಾ ಬ್ಯಾರೆಯವ್ರು ಮಾಡಿದ್ದು. 2022ರಾಗ ಅದೇ ಹೆಸರಿನ ಹೊಸ ಗಾಡಿ ಬಂದಾವ ಖರೆ, ಆದ್ರ ಅವು ಫೋರ್ ಸ್ಟ್ರೋಕ್. ಅವುಗಳ ಎಂಜಿನ್ ಸಾಮಾನು ನಮ್ಮ ಟೂ ಸ್ಟ್ರೋಕಿಗೆ ಕೂಡೂದಿಲ್ಲ. ಮನಿತನದ ಹೆಸರು ಒಂದೇ ಅಂತ ಸೊಸಿ ಬಳಿ ಅತ್ತಿ ಕೈಗೆ ಏರ್ತಾವೇನು?

ಮನ್ಯಾಗ ಎರಡು ಪಕ್ಷ ಆದವು. ಮಗ ಎಲ್ಲಾ ಹೊಸಾದು ಹಾಕೋಣು ಅಂದ. ನಮ್ಮನಿಯವ್ರು ಎಲ್ಲಾ ಒರಿಜಿನಲ್ ಇರ್ಲಿ ಅಂದ್ರು. ಕಡೀಕ ಇಬ್ಬರ ಮಾತೂ ಅರ್ಧರ್ಧ ನಡೀತು. ಮಿಂಚೋ ಡಬ್ಬ್ಯಾಗಿನ ಅಗ್ಗದ ಪಿಸ್ಟನ್ ಬಂತು, ಎಂಜಿನ್ನಿನ ಹಳೇ ಆಯಿಲ್ ಸೀಲ್ ಹಂಗs ಉಳೀತು. ಗಾಡಿ ಶುರುನೂ ಆತು. ನಾಕನೇ ದಿನ ಕಲಘಟಗಿ ರಸ್ತಾದಾಗ ಎಂಜಿನ್ ಒಮ್ಮೆಲೆ ಕಚ್ಕೊಂತು, ಹಿಂದಿನ ಗಾಲಿ ನಿಂತು ಮಗ ಜಾರಿ ಬಿದ್ದ. ಮೊಣಕಾಲಿಗೆ ಆರು ಹೊಲಿಗಿ. ಹಿಂದ ಲಾರಿ ಇರಲಿಲ್ಲ, ದೇವ್ರು ದೊಡ್ಡಾವ.

ಬಿಚ್ಚಿ ನೋಡಿದ ಹಳೇ ಮೇಸ್ತ್ರಿ ಹೇಳಿದ್ದು ನನಗ ಅಡಗಿಮನಿ ಮಾತಿನಂಗs ತಿಳೀತು. ಕುಕ್ಕರ್ ನಿಮ್ಮ ಮದುವಿದಾದ್ರೂ ನಡೀತದ, ಅದರ ರಬ್ಬರ್ ಮಾತ್ರ ಹೊಸಾದು ಬೇಕು. ಆಯಿಲ್ ಸೀಲೂ ರಬ್ಬರs. ಅದು ಗಟ್ಟಿಯಾದ್ರ ಎಂಜಿನ್ ಸಂದಿಯಿಂದ ಗಾಳಿ ಎಳೀತದ, ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿ ಕಾವು ಏರ್ತದ, ಪಿಸ್ಟನ್ ಉಬ್ಬಿ ಕಚ್ಕೋತದ. ಕ್ಲಚ್ ಕಡೆ ಸೀಲ್ ಹೋದ್ರ ಗೇರ್ ಆಯಿಲ್ ಒಳಗ ಹೋಗಿ ಬಿಳೇ ಹೊಗಿ ಬರ್ತದ. ಒಡೀದ ಹಳೇ ಪ್ಯಾಕೆಟಿನ "ಒರಿಜಿನಲ್" ಸೀಲೂ ಬ್ಯಾಡ, ಪ್ಯಾಕೆಟಿನಾಗೂ ರಬ್ಬರ್ ಒಣಗತದ.

ಲೋಹದ ಮಾತು ಬ್ಯಾರೆ. ಹಳೇ ಸಿಲಿಂಡರ್ ಗುಜರಿಗೆ ಹಾಕಬ್ಯಾಡ್ರಿ. ಇದರ ಮೂಲ ಬೋರ್ 65 ಮಿಲಿಮೀಟರ್. ಸವದಂಗ ಕಾಲು ಮಿಲಿಮೀಟರ್ ದೊಡ್ಡದು ಮಾಡಿ, ಅದಕ್ಕ ತಕ್ಕ ದಪ್ಪ ಪಿಸ್ಟನ್ ಹಾಕ್ತಾರ. ಅದೂ ಮುಗಿದ್ರ ಒಳಗ ಹೊಸಾ ಸ್ಲೀವ್ ಕೂಡಿಸ್ತಾರ. ಆದ್ರ ಪಿಸ್ಟನ್ ಮೊದಲ ತರ್ರಿ, ಬೋರ್ ಆಮ್ಯಾಲೆ. ಕುಬಸ ಹೊಲಿಸೋವಾಗ ಅಳತಿ ಕುಬಸ ಕೊಡ್ತೀವಲ್ಲ, ಹಂಗ ಲೇತಿನವನ ಕೈಯಾಗ ಹಾಕೋ ಪಿಸ್ಟನ್ನೇ ಕೊಡಬೇಕು. ನಮ್ಮ ಮಗ ಪಿಸ್ಟನ್ ಬರೋ ಮೊದಲs ಅಂದಾಜಿನ ಮ್ಯಾಲೆ ಬೋರ್ ಮಾಡಿಸಿದ್ದ.

ಕನೆಕ್ಟಿಂಗ್ ರಾಡ್ ಆಜೂಬಾಜೂ ಚೂರು ಅಲ್ಲಾಡಿದ್ರ ಅಂಜಬ್ಯಾಡ್ರಿ, ಮ್ಯಾಲೆ-ಕೆಳಗ ಅಲ್ಲಾಡಿದ್ರ ಬಿಡಬ್ಯಾಡ್ರಿ. ಬೇರಿಂಗಿಗೆ ಯೆಜ್ಡಿ ಡಬ್ಬಿನೇ ಬೇಕಂತಿಲ್ಲ. ಅದರ ಮ್ಯಾಲಿನ ನಂಬರ್, ನಂಬರಿನ ಮುಂದಿನ ಅಕ್ಷರ ಎರಡೂ ಬರಕೊಂಡು, ಒಳ್ಳೇ ಬೇರಿಂಗ್ ಅಂಗಡ್ಯಾಗ ಅದನ್ನs ಕೇಳ್ರಿ.

ಸ್ಲೀವ್ ಹಾಕಿಸೋದಕ್ಕ ನನ್ನ ಭಿಶಿ ರೊಕ್ಕ ಹೋತು. ಸಿಟ್ಟು ಬಂದಿತ್ತು, ಸುಳ್ಳು ಯಾಕ ಹೇಳ್ಲಿ. ಮೊದಲs ಅಳತಿ ತೊಗೊಂಡಿದ್ರ ಇಷ್ಟು ಹೋಗ್ತಿದ್ದಿಲ್ಲ. ಹಳೇದಂತ ಎಲ್ಲಾ ಪೂಜಿ ಮಾಡೋದೂ ತಪ್ಪು, ಹೊಸಾದಂತ ಎಲ್ಲಾ ನಂಬೋದೂ ತಪ್ಪು. ಮನ್ಯಾಗ ಯಾರರ ಹಳೇ ಗಾಡಿ ಬಿಚ್ಚಿದ್ರ, ಪರ್ಸ್ ತಗಿಯೋ ಮೊದಲ ಮೂರು ಮಾತು ಕೇಳ್ರಿ: ಅಳತಿ ತೊಗೊಂಡೀರೇನು? ಪಿಸ್ಟನ್ ಮೊದಲ ತಂದೀರೇನು? ರಬ್ಬರ್ ಹೊಸಾದೇನು?

ಹೋದ ರವಿವಾರ ಗಾಡಿ ಮತ್ತ ಶುರು ಆತು. ಮಾವನವ್ರು ಕಟ್ಟಿ ಮ್ಯಾಲೆ ಕೂತು ಕಣ್ಣು ಮುಚ್ಚಿ ಕೇಳಿದ್ರು. ನಾವೆಲ್ಲಾ ಅಳತಾರೇನೋ ಅಂತ ಮಾರಿ ನೋಡಿದ್ವಿ. ಕಣ್ಣು ತಗದು, "ಚೈನ್ ಸಡಲದ, ಬಿಗಿ ಮಾಡೋ" ಅಂದ್ರು.