ಹವಾನಾದ ಸಿಗಾರೂ ಅರಿಶಿನದ ಕೊಂಬೂ

ನಮ್ಮ ಮನೆಗಳಲ್ಲಿ ಒಂದು ಹಳೆಯ ಅಭ್ಯಾಸವಿದೆ. ಒಳ್ಳೆಯ ವಸ್ತುವೊಂದು ಕೈಗೆ ಬಂದರೆ ಅದನ್ನು ಒಡನೆ ಬಳಸುವುದಿಲ್ಲ. 'ಇರಲಿ, ಒಂದು ಶುಭದಿನಕ್ಕಾದೀತು' ಎಂದು ಬೀರುವಿನ ಒಳಮೂಲೆಯಲ್ಲಿ ಇರಿಸಿಬಿಡುತ್ತೇವೆ. ರೇಷ್ಮೆ ಸೀರೆಗೂ ಅದೇ ಗತಿ, ಕೇಸರಿಯ ಡಬ್ಬಿಗೂ ಅದೇ ಗತಿ. ಶುಭದಿನ ಬಂದಾಗ ತೆಗೆದು ನೋಡಿದರೆ ನಮಗಿಂತ ಮೊದಲೇ ಬೇರೆ ಯಾರೋ ಅದನ್ನು ಅನುಭವಿಸಿರುತ್ತಾರೆ. ಈ ಮಾತನ್ನು ನಾನು ನನ್ನ ಮಿತ್ರರೊಬ್ಬರ ಮನೆಯಲ್ಲಿ ಕಣ್ಣಾರೆ ಕಂಡೆನಾದ್ದರಿಂದ ಬರೆಯುತ್ತಿದ್ದೇನೆ.

ಮಿತ್ರರು ಗಣಿತದ ಮೇಷ್ಟ್ರು. ಹುಣಸೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾವಿಬ್ಬರೂ ಹಲವು ವರ್ಷ ಜೊತೆಯಾಗಿ ದುಡಿದವರು. ನಿವೃತ್ತಿಯ ಬಳಿಕ ಇಬ್ಬರೂ ಮೈಸೂರಿನಲ್ಲಿಯೇ ನೆಲೆಸಿದೆವು. ಹಡಗಿನಲ್ಲಿ ಕೆಲಸ ಮಾಡುವ ಅವರ ಹಳೆಯ ಶಿಷ್ಯನೊಬ್ಬ 2016ರಲ್ಲಿ ಊರಿಗೆ ಬಂದಾಗ 25 ಹವಾನಾ ಸಿಗಾರ್‌ಗಳ ಮರದ ಪೆಟ್ಟಿಗೆಯೊಂದನ್ನು ಗುರುಕಾಣಿಕೆಯೆಂದು ಕೊಟ್ಟು ಹೋದ. ಮೇಷ್ಟ್ರು ಧೂಮಪಾನಿಗಳಲ್ಲ. ಆದರೆ ಅವರ ತಂದೆ ದಿಂಡಿಗಲ್ಲಿನ ಚುಟ್ಟಾ ಸೇದುತ್ತಿದ್ದವರು. ಆ ವಾಸನೆಯೊಡನೆ ತಂದೆಯ ನೆನಪು ಬೆರೆತಿತ್ತು. ಮಗಳ ಮದುವೆಯ ದಿನ ಬೀಗರೊಡನೆ ಕುಳಿತು ಪೆಟ್ಟಿಗೆಯನ್ನು ತೆರೆಯುವುದೆಂದು ನಿಶ್ಚಯಿಸಿ ಅದನ್ನು ಬೀರುವಿನಲ್ಲಿಟ್ಟರು. ಮದುವೆ ಕೂಡಿಬಂದುದು 2018ರಲ್ಲಿ. ಮದುವೆಗೆ ಮೂರು ವಾರವಿರುವಾಗ ಒಂದು ಬೆಳಿಗ್ಗೆ ನನಗೆ ಕರೆ ಬಂತು: "ಒಮ್ಮೆ ಬಂದು ಹೋಗಿ, ಪೆಟ್ಟಿಗೆಯಲ್ಲಿ ಏನೋ ಆಗಿದೆ."

ಹೋಗಿ ನೋಡಿದೆ. 14 ಸಿಗಾರ್‌ಗಳ ಮೈಮೇಲೆ ಗುಂಡುಸೂಜಿಯಿಂದ ಚುಚ್ಚಿದಂತೆ ದುಂಡನೆಯ ತೂತುಗಳು. ಪೆಟ್ಟಿಗೆಯ ತಳದಲ್ಲಿ ನಸ್ಯದಂಥ ಕಂದು ಪುಡಿ. ಆ ಪುಡಿಯ ನಡುವೆ ಎಳ್ಳಿನ ಕಾಳಿಗಿಂತ ಚಿಕ್ಕದಾದ, ಕೆಂಗಂದು ಬಣ್ಣದ, ಬೆನ್ನು ಗೂನಾದ ಎರಡು ಮೂರು ದುಂಬಿಗಳು ನಿಧಾನವಾಗಿ ನಡೆದಾಡುತ್ತಿದ್ದವು. ಮೇಷ್ಟ್ರು ಕ್ಯೂಬಾ ದೇಶವನ್ನು ಬೈಯುತ್ತಿದ್ದರು. ಮೇಜಿನ ಮೇಲೆ, ಯಾವುದೋ ಅಂಗಡಿಯವನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದ ನಾಲ್ಕು ಬೂದುಬಣ್ಣದ ಗುಳಿಗೆಗಳಿದ್ದವು. "ರಾತ್ರಿ ಇವನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿದರೆ ಬೆಳಿಗ್ಗೆ ಒಂದು ಹುಳುವೂ ಉಳಿಯುವುದಿಲ್ಲವಂತೆ" ಎಂದರು. ಆ ಬೀರು ಇದ್ದುದು ಅವರು ಮಲಗುವ ಕೋಣೆಯಲ್ಲಿ.

ಈ ಲೇಖನದ ಮುಖ್ಯ ವಿಷಯ ಆ ಗುಳಿಗೆಗಳೇ. ಆದರೆ ಅದಕ್ಕೆ ಮೊದಲು ಹುಳುವಿನ ಪರಿಚಯವಾಗಬೇಕು. ಶತ್ರುವಿನ ದಿನಚರಿ ತಿಳಿಯದೆ ಆಯುಧ ಹಿಡಿಯುವುದು ಜಾಣತನವಲ್ಲ.

ಇದರ ಹೆಸರು ತಂಬಾಕು ದುಂಬಿ. ಶಾಸ್ತ್ರೀಯವಾಗಿ ಲೇಸಿಯೊಡರ್ಮ ಸೆರಿಕಾರ್ನೆ. ಗರಗಸದಂಥ ಮೀಸೆಯುಳ್ಳದ್ದು ಎಂಬುದು ಎರಡನೆಯ ಪದದ ಅರ್ಥ. ಉದ್ದ 2ರಿಂದ 3 ಮಿಲಿಮೀಟರು. ಹೆಣ್ಣು ತನ್ನ ಅಲ್ಪಾಯುಷ್ಯದಲ್ಲಿ ನೂರರವರೆಗೆ ಮೊಟ್ಟೆಗಳನ್ನಿಡುತ್ತದೆ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಮೊಟ್ಟೆಗಳು ವಾರ ಹತ್ತು ದಿನಗಳಲ್ಲಿ ಒಡೆದು ಮರಿಹುಳು ಹೊರಬರುತ್ತದೆ. ತಿನ್ನುವ ಕೆಲಸವೆಲ್ಲ ಈ ಮರಿಹುಳುವಿನದು. ದುಂಬಿಯಾದ ಮೇಲೆ ಅದು ಘನಾಹಾರವನ್ನು ತಿನ್ನುವುದೇ ಇಲ್ಲ. ನಾವು ಕಾಣುವ ದುಂಡು ತೂತು ಅನೇಕ ವೇಳೆ ಹುಳು ಒಳಹೊಕ್ಕ ಬಾಗಿಲಲ್ಲ, ತಿಂದು ತೇಗಿ ಹೊರಬಿದ್ದ ಬಾಗಿಲು. ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ 70 ಪ್ರತಿಶತ ಆರ್ದ್ರತೆಯೂ ಇದಕ್ಕೆ ಪರಮಪ್ರಿಯ. ಅಂಥ ಹವೆಯಲ್ಲಿ ಐದಾರು ವಾರಗಳಲ್ಲಿ ಒಂದು ತಲೆಮಾರು ಮುಗಿದು ಇನ್ನೊಂದು ತೊಡಗುತ್ತದೆ. 18 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಂತಂತೆಯೇ.

ಇಲ್ಲೊಂದು ವಿಚಿತ್ರವಿದೆ. ನಿಕೋಟಿನ್ ಎಂಬುದು ಹೊಗೆಸೊಪ್ಪಿನ ಗಿಡ ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲೆಂದೇ ತಯಾರಿಸುವ ವಿಷ. ಈ ಹುಳು ಅದನ್ನೇ ಉಂಡು ಬದುಕುತ್ತದೆ! ಅದರ ಕರುಳಿನ ಬಳಿ ಮನೆಮಾಡಿಕೊಂಡಿರುವ ಯೀಸ್ಟ್‌ನಂಥ ಸೂಕ್ಷ್ಮಜೀವಿಗಳು ವಿಷಗಳನ್ನು ಅರಗಿಸಿಕೊಳ್ಳಲು ಅದಕ್ಕೆ ನೆರವಾಗುತ್ತವೆ. ಹೆಸರು ತಂಬಾಕು ದುಂಬಿಯಾದರೂ ಇದು ತಂಬಾಕಿಗೆ ಕಟ್ಟುಬಿದ್ದ ಜೀವಿಯಲ್ಲ. 1922ರಲ್ಲಿ ತೆರೆದ ಈಜಿಪ್ಟಿನ ದೊರೆ ಟೂಟಂಖಾಮನ್ನನ ಸಮಾಧಿಯಲ್ಲಿ ಇದರ ಅವಶೇಷಗಳು ದೊರೆತಿವೆ. ಆ ದೊರೆ ಕ್ರಿಸ್ತಪೂರ್ವ 14ನೆಯ ಶತಮಾನದವನು. ತಂಬಾಕು ಅಮೆರಿಕ ಖಂಡದಿಂದ ಹೊರಬಂದುದು 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೆ. ಎಂದರೆ ಹೊಗೆಸೊಪ್ಪಿನ ಮುಖ ಕಾಣುವುದಕ್ಕೆ ಮೂರು ಸಾವಿರ ವರ್ಷ ಮೊದಲೇ ಈ ಹುಳು ಮನುಷ್ಯನ ಉಗ್ರಾಣದಲ್ಲಿ ಸುಖವಾಗಿತ್ತು. ಅರಿಶಿನ, ಕೊತ್ತಂಬರಿ ಬೀಜ, ಒಣಶುಂಠಿ, ಒಣಮೆಣಸಿನಕಾಯಿ, ಒಣಹೂವು, ಹಳೆಯ ಪುಸ್ತಕಗಳ ರಟ್ಟಿನ ಗೋಂದು, ಎಲ್ಲವೂ ಅದಕ್ಕೆ ಆಹಾರವೇ.

ಈ ಸಂಗತಿ ನೆನಪಾದೊಡನೆ ನಾನು ಮೇಷ್ಟ್ರಿಗೆ ಕೇಳಿದೆ: "ಈ ಬೀರುವಿನಲ್ಲಿ ಮತ್ತೇನಿದೆ?" ಪೆಟ್ಟಿಗೆಯಿದ್ದ ಅರೆಯ ಹಿಂಬದಿಯಲ್ಲಿ, ಅದೇ ಮದುವೆಗೆಂದು ಅವರ ಶ್ರೀಮತಿಯವರು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಅರಿಶಿನದ ಕೊಂಬಿನ ಗಂಟಿತ್ತು. ಬಿಚ್ಚಿದರೆ ಕೊಂಬುಗಳು ಜರಡಿಯಂತಾಗಿದ್ದವು. ಬಟ್ಟೆಯಿಂದ ಹಳದಿ ಪುಡಿ ಸುರಿಯಿತು. ಕ್ಯೂಬಾದ ಸಿಗಾರ್‌ಗಳನ್ನು ರಫ್ತಿಗೆ ಮುನ್ನ ಹೆಪ್ಪುಗಟ್ಟಿಸಿ ಹುಳುವಿನ ಬೀಜವಳಿಸುವ ಪದ್ಧತಿ 2000ದ ದಶಕದ ನಡುವಿನಿಂದ ನಡೆದುಬಂದಿದೆ. ಆದ್ದರಿಂದ ಹುಳು ಹವಾನಾದಿಂದ ಬಂದುದಲ್ಲ, ನಮ್ಮ ಮಾರುಕಟ್ಟೆಯ ಅರಿಶಿನದೊಡನೆ ಬಂದು ನೆರೆಮನೆಗೆ ದಾಟಿತೆಂದೇ ನನ್ನ ಊಹೆ. ಮೇಷ್ಟ್ರು ಕ್ಯೂಬಾವನ್ನು ಬೈಯುವುದನ್ನು ನಿಲ್ಲಿಸಿದರು.

ಇನ್ನು ಗುಳಿಗೆಯ ಮಾತು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದೊಡನೆ ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ದೊಡ್ಡ ಗೋದಾಮುಗಳಲ್ಲಿ, ಮೂಟೆಗಳನ್ನು ಗಾಳಿಯಾಡದ ಹೊದಿಕೆಯಡಿ ಹಲವು ದಿನ ಮುಚ್ಚಿಟ್ಟು, ತರಬೇತಿ ಪಡೆದವರು ಬಳಸಬೇಕಾದ ವಸ್ತುವಿದು. ನಮ್ಮ ದೇಶದ ಕಾನೂನು ಕೂಡ ಸರ್ಕಾರಿ ಸಂಸ್ಥೆಗಳಿಗೆ, ಪರಿಣತರ ಮೇಲ್ವಿಚಾರಣೆಯಲ್ಲಿ ದುಡಿಯುವ ಕೀಟನಿಯಂತ್ರಕರಿಗೆ ಮಾತ್ರ ಇದರ ಬಳಕೆಯನ್ನು ಅನುಮತಿಸಿದೆ. ಹೀಗಿದ್ದರೂ ಚಿಲ್ಲರೆ ಅಂಗಡಿಯಲ್ಲಿ ಅದು ಕಾಗದದ ಪೊಟ್ಟಣದಲ್ಲಿ ಸಿಗುತ್ತದೆಂಬುದು ನಮ್ಮ ಕಾಲದ ದುರಂತ. ಬೀರುವಿನ ಬಾಗಿಲು, ಕೋಣೆಯ ಬಾಗಿಲು ಈ ಅನಿಲಕ್ಕೆ ತಡೆಯೇ ಅಲ್ಲ. ಉಸಿರಿನೊಡನೆ ಒಳಹೋದರೆ ಅದಕ್ಕೆ ಪ್ರತ್ಯೌಷಧವಿಲ್ಲ. ಧಾನ್ಯದ ಮೂಟೆಗೆ ಗುಳಿಗೆಯಿಟ್ಟು ಅದೇ ಕೋಣೆಯಲ್ಲಿ ಮಲಗಿದ ಕುಟುಂಬದಲ್ಲಿ ಮಕ್ಕಳು ಬೆಳಗಾಗುವುದರೊಳಗೆ ತೀರಿಕೊಂಡ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ, ಓದಿ ಮರೆತಿದ್ದೇವೆ.

ಪ್ರಾಣಭಯದ ಮಾತು ಹಾಗಿರಲಿ. ಮನೆಯಲ್ಲಿ ಮಾಡುವ ಅರೆಬರೆ ಧೂಮೀಕರಣದಿಂದ ಹುಳು ಸಾಯುತ್ತದೆಂಬ ಖಾತರಿಯೂ ಇಲ್ಲ. ಅನಿಲ ಸೋರಿಹೋಗುವ ಕಡೆ ದುರ್ಬಲವಾದವು ಸಾಯುತ್ತವೆ. ಗಟ್ಟಿಯಾದವು ಉಳಿದು ವಂಶ ಬೆಳೆಸುತ್ತವೆ. ತಂಬಾಕು ದುಂಬಿ ಫಾಸ್ಫೀನಿಗೆ ನಿರೋಧಶಕ್ತಿ ಬೆಳೆಸಿಕೊಂಡಿರುವ ಸಂಗತಿಯನ್ನು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳೇ 1990ರ ದಶಕದಲ್ಲಿ ವರದಿ ಮಾಡಿದ್ದಾರೆ. ಗೋದಾಮಿನ ಪರಿಣತರಿಗೇ ಒಗ್ಗದ ಹುಳು ನಮ್ಮ ನಾಲ್ಕು ಗುಳಿಗೆಗೆ ಮಣಿಯುವುದೇ? ನುಸಿಗುಳಿಗೆಯಂತೂ ಬೇಡವೇ ಬೇಡ. ಹುಳು ಸಾಯದಿದ್ದರೂ ಸಿಗಾರಿಗೆ ಶೌಚಾಲಯದ ವಾಸನೆ ಬರುವುದು ಖಂಡಿತ.

ಹಾಗಾದರೆ ಮಾಡಬೇಕಾದುದೇನು? ಉತ್ತರ ಬಹಳ ಸರಳ, ಎಲ್ಲರ ಅಡುಗೆಮನೆಯಲ್ಲಿಯೇ ಇದೆ: ಚಳಿ. ನಾವು ಆ ದಿನ ಮಾಡಿದ್ದನ್ನೇ ಹೇಳುತ್ತೇನೆ. ತೂತುಬಿದ್ದ 14ನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಾಡಿದೆವು. ತಿಂದ ಎಲೆ ಮರಳಿ ಬರುವುದಿಲ್ಲ. ಉಳಿದ 11 ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಒಳಗೆ ಮೊಟ್ಟೆಯಿರಬಹುದು. ಒಂದೊಂದನ್ನೂ ಬಿಳಿಯ ಕಾಗದದ ಮೇಲೆ ಮೆಲ್ಲನೆ ತಟ್ಟಿ ಪುಡಿ ಉದುರುವುದೇ ಎಂದು ಪರೀಕ್ಷಿಸಿದೆವು. ಬಳಿಕ ಎರಡು ಪದರದ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೊದಲ ದಿನ ಫ್ರಿಜ್ಜಿನ ಕೆಳಭಾಗದಲ್ಲಿ, ನಂತರ ಐದು ದಿನ ಫ್ರೀಜರಿನಲ್ಲಿ, ಮತ್ತೊಂದು ದಿನ ಪುನಃ ಕೆಳಭಾಗದಲ್ಲಿ ಇರಿಸಿದೆವು. ಕೊನೆಗೆ ಹೊರತೆಗೆದು, ಚೀಲ ಬಿಚ್ಚದೆ, ಕೋಣೆಯ ಉಷ್ಣತೆಗೆ ಬರುವವರೆಗೆ ಬಿಟ್ಟೆವು. ಅವಸರದಲ್ಲಿ ಬಿಚ್ಚಿದರೆ ತಣ್ಣನೆಯ ಎಲೆಯ ಮೇಲೆ ಹನಿ ಕಟ್ಟಿ ಬೂಷ್ಟು ಹಿಡಿಯುತ್ತದೆ. ಒಮ್ಮೆಲೇ ಫ್ರೀಜರಿಗೆ ಹಾಕಿ ಒಮ್ಮೆಲೇ ತೆಗೆದರೆ ಹೊರಹಾಳೆ ಸೀಳುತ್ತದೆ. ಫ್ರೀಜರು ಸೊನ್ನೆಗಿಂತ 18ರಿಂದ 20 ಡಿಗ್ರಿ ಕೆಳಗಿರಬೇಕು. ವಿದ್ಯುತ್ತು ಬಹಳ ಹೊತ್ತು ಹೋದ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು.

ಚಳಿ ಕೊಟ್ಟರೆ ಒಳಗಿರುವ ಹುಳು ಸಾಯುತ್ತದೆ. ಹೊಸತು ಬರದಂತೆ ಅದು ತಡೆಯದು. ಅದಕ್ಕೆ ಬೇಕಾದುದು ಶುಚಿತ್ವ ಮತ್ತು ನಿಗಾ. ಬೀರುವಿನ ಸಂದುಗೊಂದುಗಳನ್ನೆಲ್ಲ ಗುಡಿಸಿ ಒರೆಸಿದೆವು, ಅರಿಶಿನವನ್ನು ಹೊರಹಾಕಿದೆವು. ಸಿಗಾರ್‌ಗಳನ್ನು ಗಾಳಿಯಾಡದ ಡಬ್ಬಿಗೆ ವರ್ಗಾಯಿಸಿ ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿಟ್ಟೆವು. ಸಿಗಾರ್ ಪ್ರಿಯರು ಸಾಮಾನ್ಯವಾಗಿ ಹ್ಯೂಮಿಡಾರ್ ಪೆಟ್ಟಿಗೆಯ ಆರ್ದ್ರತೆಯನ್ನಷ್ಟೇ ಕಾಯುತ್ತಾರೆ. 70 ಪ್ರತಿಶತವಿದ್ದರೆ ನಿಶ್ಚಿಂತರಾಗುತ್ತಾರೆ. ಅದು ತಂಪುನಾಡಿನವರಿಗೆ ಸಲ್ಲುವ ನೆಮ್ಮದಿ. ಚೈತ್ರ ವೈಶಾಖಗಳಲ್ಲಿ ಕೋಣೆಯೇ 30 ಡಿಗ್ರಿ ದಾಟುವ ನಮ್ಮಲ್ಲಿ 70 ಪ್ರತಿಶತ ತೇವವೆಂದರೆ ಹುಳುವಿಗೆ ತೊಟ್ಟಿಲು ಕಟ್ಟಿ ತೂಗಿದಂತೆ. ಆ ಪೆಟ್ಟಿಗೆಗಳ ಒಳಮೈಗೆ ಹಾಕುವ ಸ್ಪ್ಯಾನಿಷ್ ಸೀಡರ್ ಮರ ಹುಳುವನ್ನು ಓಡಿಸುತ್ತದೆಂಬ ನಂಬಿಕೆಯೂ ಉಂಟು. ಅದು ನಮ್ಮ ಬೇವು, ಗಂಧಗರಿಗೆಗಳ ಕುಟುಂಬಕ್ಕೆ ಸೇರಿದ ಸುವಾಸನೆಯ ಮರವೇನೋ ಹೌದು. ಆದರೆ ಎಲೆಯೊಳಗಿರುವ ಮೊಟ್ಟೆಗೆ ಮರದ ವಾಸನೆಯಿಂದ ಏನೂ ಆಗದು. ಹೊಸದಾಗಿ ಬಂದುದನ್ನು ಹಳೆಯದರೊಡನೆ ಒಡನೆ ಬೆರೆಸಬೇಡಿ. ಸಿಡುಬಿನ ಕಾಲದಲ್ಲಿ ಮಗುವನ್ನು ಬೇರೆ ಕೂರಿಸುತ್ತಿದ್ದಂತೆ ಕೆಲವು ವಾರ ಬೇರೆಯಿಡಿ. ತಿಂಗಳಿಗೊಮ್ಮೆ ತೆರೆದು ನೋಡಿ.

'ನಿವೃತ್ತ ಶಿಕ್ಷಕರಾಗಿ ತಂಬಾಕನ್ನು ಕಾಪಾಡುವ ಬಗೆ ಹೇಳುತ್ತೀರಲ್ಲ, ಹುಳು ತಿಂದು ಹಾಳಾದರೆ ಒಳ್ಳೆಯದೇ ಅಲ್ಲವೇ?' ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹುಣಸೂರಿನ ಹೊಲಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಮುರಿಯುವ ಕಾಲಕ್ಕೆ ನನ್ನ ತರಗತಿಯ ಅರ್ಧ ಬೆಂಚುಗಳು ಬರಿದಾಗುತ್ತಿದ್ದವು. ಬೆಳಗಿನ ಇಬ್ಬನಿಯಲ್ಲಿ ಹಸಿಸೊಪ್ಪು ಮುಟ್ಟಿದ ಮಕ್ಕಳು ತಲೆಸುತ್ತಿ ವಾಂತಿಮಾಡುತ್ತಿದ್ದುದನ್ನೂ, ಬ್ಯಾರನ್ನುಗಳ ಒಲೆಗೆ ಊರಿನ ಮರಗಳು ಉರಿದುದನ್ನೂ ಕಂಡವನು ನಾನು. ಹೊಗೆಸೊಪ್ಪಿನ ವಕೀಲಿ ನನ್ನಿಂದಾಗದು. ಸೇದಿರೆಂದು ಯಾರಿಗೂ ಹೇಳಲಾರೆ. ಆದರೆ ಜನ ಸಿಗಾರನ್ನೂ ಅರಿಶಿನವನ್ನೂ ಕೊತ್ತಂಬರಿಯನ್ನೂ ಕೂಡಿಡುತ್ತಾರೆ. ಹುಳು ಬಂದಾಗ ಗಾಬರಿಯಿಂದ ಕೈಗೆ ಸಿಕ್ಕ ವಿಷವನ್ನು ಹಾಸಿಗೆಯ ಪಕ್ಕಕ್ಕೆ ತರುತ್ತಾರೆ. ಕೆಲವು ಸಾವಿರ ರೂಪಾಯಿಯ ಎಲೆಗಾಗಿ ಮನೆಯವರ ಪ್ರಾಣವನ್ನು ಒತ್ತೆಯಿಡಬಾರದೆಂಬುದಷ್ಟೇ ನನ್ನ ವಾದ.

ಮೇಷ್ಟ್ರ ತಂದೆಯ ಚುಟ್ಟಾಗಳಿಗೆ ಹುಳು ಬಿದ್ದುದನ್ನು ಅವರ ಮನೆಯಲ್ಲಿ ಯಾರೂ ಕಂಡಿರಲಿಲ್ಲವಂತೆ. ಕಾರಣ ಸ್ಪಷ್ಟ: ವಾರಕ್ಕೊಂದು ಕಟ್ಟು ತರುತ್ತಿದ್ದರು, ವಾರದಲ್ಲಿ ಮುಗಿಸುತ್ತಿದ್ದರು. ಹುಳುವಿಗೆ ಮೊಟ್ಟೆಯೊಡೆಯಲೂ ಪುರುಸೊತ್ತಿರಲಿಲ್ಲ! ಕೂಡಿಡುವವನಿಗೆ ಮಾತ್ರ ಹುಳುವಿನ ಚಿಂತೆ. ಕೂಡಿಟ್ಟು ನೋಡದೆ ಇರುವವನಿಗೆ ಹುಳುವಿನ ಕಾಟ.

ಆ ನಾಲ್ಕು ಗುಳಿಗೆಗಳನ್ನು ನಾವು ನೀರಿಗೂ ಹಾಕಲಿಲ್ಲ, ಕಸಕ್ಕೂ ಎಸೆಯಲಿಲ್ಲ. ಹಾಗೆ ಮಾಡುವುದೂ ಅಪಾಯವೇ. ಪರಿಚಯದ ಕೀಟನಿಯಂತ್ರಕರೊಬ್ಬರನ್ನು ಕರೆಸಿ ಒಪ್ಪಿಸಿದೆವು. ಅವರು ಪೊಟ್ಟಣವನ್ನು ನೋಡಿ, ಅದಿದ್ದ ಕೋಣೆಯನ್ನು ನೋಡಿ, ಏನೂ ಹೇಳದೆ ಮೊದಲು ಕಿಟಕಿಗಳನ್ನು ತೆರೆದರು.

ಮದುವೆ ಸಾಂಗವಾಗಿ ನಡೆಯಿತು. ಅರಿಶಿನ ಹೊಸತು ಬಂತು. 11 ಸಿಗಾರ್‌ಗಳಲ್ಲಿ ಬೀಗರು ಒಂದನ್ನು ಹಚ್ಚಿ, ಕೆಮ್ಮಿ, ಕೆಳಗಿಟ್ಟರು. ಉಳಿದವುಗಳ ಗತಿಯೇನಾಯಿತೆಂದು ನಾನು ಕೇಳಲು ಹೋಗಲಿಲ್ಲ. ಓದುಗ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಇಂದು ಬಿಡುವಾದಾಗ ನಿಮ್ಮ ಬೀರುವಿನ ಒಳಮೂಲೆಯನ್ನೊಮ್ಮೆ ತೆರೆದು ನೋಡಿ. ಅಲ್ಲಿ ಹುಳುವಿದ್ದರೆ ಅಂಗಡಿಗೆ ಓಡಬೇಡಿ, ಫ್ರೀಜರಿನಲ್ಲಿ ಸ್ವಲ್ಪ ಜಾಗ ಮಾಡಿಕೊಳ್ಳಿ.