ನರ್ಸಿಂಗ್ ಓದುತ್ತೇನೆಂದ ಮಗಳಿಗೆ ಬೇಡ ಎನ್ನುವ ಮುನ್ನ

ಮಗಳನ್ನು ಹೆರಿಗೆಗೆ ಸೇರಿಸಿದಾಗ ನಾವು ಮೊದಲು ಕೇಳುವುದು, "ಲೇಬರ್ ವಾರ್ಡಿನಲ್ಲಿ ಹೆಂಗಸರೇ ಇದ್ದಾರಲ್ಲವೇ?" ಎಂದು. ಅದೇ ಮನೆಯ ಕಿರಿಯವಳು ಪಿಯುಸಿ ಮುಗಿಸಿ ನರ್ಸಿಂಗ್ ಓದುತ್ತೇನೆಂದರೆ, "ರಾತ್ರಿ ಪಾಳಿಯ ಕೆಲಸ, ನಾಳೆ ಸಂಬಂಧ ಕೇಳಿಕೊಂಡು ಯಾರು ಬರುತ್ತಾರೆ?" ಎಂದು ಬಾಯಿ ಮುಚ್ಚಿಸುತ್ತೇವೆ. ಇದು ಯಾವ ನ್ಯಾಯ?

ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ರು ಆರೈಕೆಗೆ ಕಳಿಸಿದ್ದು ರುಫೈದಾ(ರ) ಎಂಬ ಮಹಿಳೆಯ ಡೇರೆಗೆ. ಭಾಷಣದಲ್ಲಿ ನೆನಪಾಗುವ ಇದು ಮಗಳಿಗೆ ಕಾಲೇಜು ಆರಿಸುವಾಗ ಮರೆತುಹೋಗುತ್ತದೆ.

ಹಾಗೆಂದು ಎಲ್ಲರಿಗೂ ಒಗ್ಗುವ ಕೆಲಸವೂ ಅಲ್ಲ. ಕೀವು, ವಾಂತಿ ಕಂಡು ಮೂಗು ಮುರಿಯುವವರಿಗೆ ಕಷ್ಟ. ಕನಿಕರ ಬೇಕು, ನಿಜ. ನನ್ನ ಪ್ರಕಾರ ಅದಕ್ಕಿಂತ ಹೆಚ್ಚು ಬೇಕಾದ್ದು ಎಚ್ಚರ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಪ್ರತಿ ಸಲ ಕೈ ಶುದ್ಧ ಮಾಡಿಕೊಳ್ಳಬೇಕು. ಇಂಜೆಕ್ಷನ್ ಕೊಡುವ ಮೊದಲು ಹೆಸರು, ಔಷಧಿ, ಪ್ರಮಾಣ, ಸಮಯ ನೋಡಲೇಬೇಕು, ಬೆಳಗಿನ ಜಾವ 4 ಗಂಟೆಗೆ ಕಣ್ಣು ಎಳೆಯುತ್ತಿದ್ದರೂ. ತಪ್ಪಾದರೆ ಮುಚ್ಚಿಡದೆ ಕೂಡಲೇ ಡಾಕ್ಟರಿಗೆ ಹೇಳುವ ಧೈರ್ಯ ಬೇಕು. ವಾರ್ಡಿನಲ್ಲಿ ಕಂಡದ್ದು ಮದುವೆ ಮನೆಯಲ್ಲಿ ಮಾತಾಗಬಾರದು.

ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಪಿಯುಸಿಯಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನ ಓದಿರಬೇಕು. ಜಿ.ಎನ್.ಎಂ. 3 ವರ್ಷ, ಕಲಾ ವಿಭಾಗದವರೂ ಸೇರಬಹುದು. ಆದರೆ ಏಜೆಂಟರ ಮಾತು ಕೇಳಿ ಫೀಸು ಕಟ್ಟಬೇಡಿ. ಕಾಲೇಜಿಗೆ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ, ಕಲಿಯಲು ರೋಗಿಗಳಿರುವ ಆಸ್ಪತ್ರೆ ಇದೆಯೇ, ಹಾಸ್ಟೆಲ್ ಹೇಗಿದೆ, ತಲೆವಸ್ತ್ರಕ್ಕೆ ಅನುಮತಿ ಉಂಟೇ ಎಂದು ತಂದೆತಾಯಿ ಸ್ವತಃ ಹೋಗಿ ವಿಚಾರಿಸಲಿ. ಅಂದಹಾಗೆ, ಈ ಓದು ಗಂಡುಮಕ್ಕಳಿಗೂ ಇದೆ. ಕೇಳುವವರೇ ಇಲ್ಲ.